ಹಾಜರಿ ಪುಸ್ತಕ ಮತ್ತು ಕಾಲ್ಚೆಂಡು

ಕಾಶಿಯ ಹೆಸರನ್ನು ಹೊತ್ತ ಫುಟ್‌ಬಾಲ್ ತಂಡವೊಂದು 2023ರಲ್ಲಿ ಹುಟ್ಟಿತು. ಅದರ ಹೆಸರು ಇಂಟರ್ ಕಾಶಿ. ಈ ತಂಡ ತನ್ನ ತವರಿನ ಪಂದ್ಯಗಳಲ್ಲಿ ಹೆಚ್ಚಿನವನ್ನು ಆಡಿದ್ದು ಗಂಗೆಯ ಈ ದಡದಲ್ಲಲ್ಲ, ಪಶ್ಚಿಮ ಬಂಗಾಳದ ಕಲ್ಯಾಣಿಯಲ್ಲಿ. ತರಬೇತುದಾರರು ಸ್ಪೇನ್ ದೇಶದವರು, ಆಟಗಾರರು ದೇಶವಿದೇಶಗಳಿಂದ ಬಂದವರು. 2024–25ರ ಐ-ಲೀಗ್ ಪ್ರಶಸ್ತಿ ಯಾರದೆಂಬ ವ್ಯಾಜ್ಯ ಸ್ವಿಟ್ಜರ್ಲೆಂಡಿನ ಲೌಸಾನ್ ನಗರದಲ್ಲಿರುವ ಕ್ರೀಡಾ ನ್ಯಾಯಮಂಡಳಿಯವರೆಗೆ ಹೋಯಿತು. 2025ರ ಜುಲೈ 18ರಂದು ತೀರ್ಪು ಇಂಟರ್ ಕಾಶಿಯ ಪರವಾಗಿ ಬಂತು. ಪ್ರಶಸ್ತಿಯೊಂದಿಗೆ ದೇಶದ ಅತ್ಯುನ್ನತ ಲೀಗಾದ ಐಎಸ್‌ಎಲ್‌ಗೆ ಬಡ್ತಿಯೂ ಸಿಕ್ಕಿತು. ಆದರೆ ಅದಕ್ಕೆ ಒಂದೇ ವಾರ ಮೊದಲು ಆ ಐಎಸ್‌ಎಲ್ ಲೀಗನ್ನೇ ತಡೆಹಿಡಿಯಲಾಗಿತ್ತು. ಲೀಗ್ ನಡೆಸುವ ಸಂಸ್ಥೆಗೂ ರಾಷ್ಟ್ರೀಯ ಫುಟ್‌ಬಾಲ್ ಒಕ್ಕೂಟಕ್ಕೂ ನಡುವಣ ಒಪ್ಪಂದದ ಅವಧಿ ಮುಗಿಯುವುದರಲ್ಲಿತ್ತು. ಮುಂದೇನೆಂದು ಯಾರಿಗೂ ತಿಳಿದಿರಲಿಲ್ಲ.

ಇದೇ ಊರಿನಲ್ಲಿ ಕ್ರೀಡೆಯ ಇನ್ನೊಂದು, ಹಳೆಯ ವ್ಯವಸ್ಥೆಯೂ ಇದೆ. ಊರಿನ ನೈರುತ್ಯಕ್ಕೆ, ಕಬೀರನ ಹೆಸರಿನೊಡನೆ ಬೆರೆತುಹೋಗಿರುವ ಲಹರ್‌ತಾರಾದಿಂದ ಬಹಳ ದೂರವಲ್ಲದ ಕಡೆ, ರೈಲ್ವೆಯ ಎಂಜಿನ್ ಕಾರ್ಖಾನೆ ಇದೆ. 1956ರಲ್ಲಿ ಅಡಿಗಲ್ಲು ಬಿದ್ದು, 1964ರ ಜನವರಿಯಲ್ಲಿ ಮೊದಲ ಎಂಜಿನ್ ಹೊರತಂದ ಈ ಡಿಎಲ್‌ಡಬ್ಲ್ಯು 2020ರಿಂದ ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎನಿಸಿಕೊಂಡಿದೆ. ಕಾರ್ಖಾನೆಯ ಜತೆಗೇ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಮೈದಾನಗಳು. ಕಾಶಿ ಕಂಡ ಅತಿ ದೊಡ್ಡ ಆಟಗಾರ ಮೊಹಮ್ಮದ್ ಶಾಹಿದ್ ಸಂಬಳ ಪಡೆಯುತ್ತಿದ್ದುದು ವಾರಾಣಸಿಯಲ್ಲಿನ ಈ ರೈಲ್ವೆಯಿಂದ.

ಶಾಹಿದರ ಆಟ ಕಾಲ್ಚೆಂಡಲ್ಲ, ಹಾಕಿ. ಆದರೂ ನೌಕರಿ ಮಾಡುತ್ತಲೇ ಆಡಿದ ಫುಟ್‌ಬಾಲಿಗರ ಚರಿತ್ರೆಯನ್ನು ಕಾಶಿಯಿಂದ ನೋಡಹೊರಟವರು ಅವರಿಂದಲೇ ಆರಂಭಿಸಬೇಕಾಗುತ್ತದೆ. ಈ ಊರಿನಲ್ಲಿ ಆ ವ್ಯವಸ್ಥೆಯ ಪರಿಪೂರ್ಣ ನಿದರ್ಶನ ಅವರೇ. 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಸ್ಪೇನನ್ನು 4–3ರಿಂದ ಸೋಲಿಸಿತು. ನಾಲ್ಕನೆಯ ಗೋಲು ಇಪ್ಪತ್ತು ವರ್ಷದ ಶಾಹಿದರದು. ಅದೇ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯನವರೂ ಇದ್ದರು. ಅವರು ಮುಂದೆ 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾದಾಗ ಶಾಹಿದ್ ಅವರ ತಂಡದಲ್ಲಿದ್ದರು. ಶಾಹಿದರದು ರೈಲ್ವೆ, ಸೋಮಯ್ಯನವರದು ಭಾರತ್ ಪೆಟ್ರೋಲಿಯಂ. ಒಲಿಂಪಿಕ್ಸ್ ಚಿನ್ನ ಗೆದ್ದವರಿಗೂ ತಿಂಗಳ ಕೊನೆಗೆ ಅನ್ನ ಕೊಡುತ್ತಿದ್ದುದು ಒಂದು ಕಚೇರಿಯ ಸಂಬಳದ ಪಟ್ಟಿ. ಅರ್ಜುನ ಪ್ರಶಸ್ತಿ, 1986ರಲ್ಲಿ ಪದ್ಮಶ್ರೀ, ಎಲ್ಲ ಬಂದ ಮೇಲೂ ಶಾಹಿದ್ ಕಾಶಿ ಬಿಡಲಿಲ್ಲ. ಕ್ರೀಡಾ ಅಧಿಕಾರಿಯಾಗಿ ಇಲ್ಲಿಯೇ ಉಳಿದರು. 2016ರ ಜುಲೈ 20ರಂದು, 56ನೆಯ ವಯಸ್ಸಿನಲ್ಲಿ ತೀರಿಕೊಂಡರು. ಟೋಕಿಯೊ ಮತ್ತು ಪ್ಯಾರಿಸ್ ಒಲಿಂಪಿಕ್ಸ್‌ಗಳಲ್ಲಿ ಕಂಚು ಗೆದ್ದ ಈ ಊರಿನ ಲಲಿತ್ ಉಪಾಧ್ಯಾಯ ಈಗ ಉತ್ತರ ಪ್ರದೇಶ ಪೊಲೀಸ್ ಇಲಾಖೆಯಲ್ಲಿ ಡಿಎಸ್‌ಪಿ. ಇಲಾಖೆ ಬದಲಾಗಿದೆ, ಪದ್ಧತಿ ಬದಲಾಗಿಲ್ಲ.

ಕಾಶಿಗೆ ಇದು ಹೊಸತೂ ಅಲ್ಲ. ಕಬೀರ ಮಗ್ಗ ಬಿಡಲಿಲ್ಲ, ರವಿದಾಸರು ಚರ್ಮದ ಕೆಲಸ ಬಿಡಲಿಲ್ಲ. ಕನ್ನಡಿಗರಿಗಂತೂ ಈ ಮಾತನ್ನು ವಿವರಿಸಬೇಕಾಗಿಯೇ ಇಲ್ಲ. ಮಡಿವಾಳ, ಅಂಬಿಗ, ಜೇಡರ ಎಂಬ ಕಸುಬಿನ ಹೆಸರುಗಳು ನಮ್ಮಲ್ಲಿ ವಚನಕಾರರ ಹೆಸರಿನ ಭಾಗವೇ ಆಗಿವೆ. ಹೊಸಗನ್ನಡ ಸಾಹಿತ್ಯದ ಬಹುಪಾಲು ಎರಡನೆಯ ಪಾಳಿಯಲ್ಲಿ ಬರೆದದ್ದು. ಮಾಸ್ತಿಯವರು ಮೈಸೂರು ಸಿವಿಲ್ ಸರ್ವಿಸ್‌ನ ಅಧಿಕಾರಿ, ಕೆ.ಎಸ್. ನರಸಿಂಹಸ್ವಾಮಿಯವರು ಸರಕಾರಿ ಗುಮಾಸ್ತರು, ಯಶವಂತ ಚಿತ್ತಾಲರು ಮುಂಬಯಿಯ ರಸಾಯನೋದ್ಯಮದಲ್ಲಿ ತಂತ್ರಜ್ಞರು. ಆದರೆ ಲೇಖಕನಿಗೂ ಫುಟ್‌ಬಾಲಿಗನಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಲೇಖಕನು ನಿವೃತ್ತಿಯ ನಂತರವೂ ಬರೆಯಬಲ್ಲ. ಕಾಲ್ಚೆಂಡಿನವನ ಕಾಲು ಮೂವತ್ತೈದಕ್ಕೆ ಮುಗಿಯುತ್ತದೆ. ಆ ಬಳಿಕ ಇನ್ನೂ ಅಷ್ಟೇ ಆಯುಷ್ಯ ಉಳಿದಿರುತ್ತದೆ. ಲೇಖಕನಿಗೆ ನೌಕರಿಯು ಬರವಣಿಗೆಯ ಪಕ್ಕದಲ್ಲಿದ್ದರೆ ಸಾಕು. ಆಟಗಾರನಿಗೆ ಅದು ಆಟದ ಆಚೆಗೂ ಇರಬೇಕು.

ಭಾರತದ ಫುಟ್‌ಬಾಲ್ ಈ ಅಗತ್ಯವನ್ನು ಬಹಳ ಹಿಂದೆಯೇ ಅರಿತಿತ್ತು. ಸೈನ್ಯ, ರೈಲ್ವೆ, ಬಂದರು, ಪೊಲೀಸ್ ಇಲಾಖೆಗಳು ಬ್ರಿಟಿಷರ ಕಾಲದಿಂದಲೇ ತಂಡ ಕಟ್ಟುತ್ತಿದ್ದವು. ಸ್ವಾತಂತ್ರ್ಯಾನಂತರ ಇದಕ್ಕೆ ಇನ್ನೊಂದು ಕಾರಣ ಸೇರಿತು. ಆಗ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮೀಸಲು. ಆಟಕ್ಕೆಂದು ಸಂಬಳ ಪಡೆದವನಿಗೆ ಅಲ್ಲಿ ಪ್ರವೇಶವಿರಲಿಲ್ಲ. ಕಚೇರಿಯ ಸಂಬಳಕ್ಕೆ ಈ ಅಡ್ಡಿ ಇರಲಿಲ್ಲ. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ತಂಡದ ನಾಯಕ ಶೈಲೇನ್ ಮನ್ನಾ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನೌಕರರು. ಮೋಹನ್ ಬಾಗಾನ್ ಪರ ಎರಡು ದಶಕಗಳ ಹತ್ತಿರ ಆಡಿದರೂ ಅವರು ಕ್ಲಬ್ಬಿನಿಂದ ಸಂಭಾವನೆ ಪಡೆಯಲಿಲ್ಲವೆಂಬುದು ಕೋಲ್ಕತ್ತದಲ್ಲಿ ಮನೆಮಾತು.

ಪಿ.ಕೆ. ಬ್ಯಾನರ್ಜಿಯವರದು ಇನ್ನೂ ಸ್ಪಷ್ಟವಾದ ಉದಾಹರಣೆ. 1955ರಲ್ಲಿ ಅವರು ಈಸ್ಟರ್ನ್ ರೈಲ್ವೆ ಸೇರಿದರು, ಆಟ ನಿಲ್ಲಿಸುವವರೆಗೂ ಅಲ್ಲಿಯೇ ಇದ್ದರು. ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಒಂದಕ್ಕೂ ಅವರು ಆಡಲಿಲ್ಲ. ಹಾಗಿದ್ದೂ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಭಾರತದ ನಾಯಕರಾದರು. ಫ್ರಾನ್ಸ್ ವಿರುದ್ಧ ಗೋಲು ಹೊಡೆದು ಪಂದ್ಯವನ್ನು 1–1ರಲ್ಲಿ ನಿಲ್ಲಿಸಿದರು. ಅವರಿದ್ದ ಈಸ್ಟರ್ನ್ ರೈಲ್ವೆ 1958ರಲ್ಲಿ ಕಲ್ಕತ್ತಾ ಲೀಗ್ ಗೆದ್ದಿತು. ಆ ಮೂರು ಕ್ಲಬ್ಬುಗಳ ಹೊರಗಿನ ತಂಡವೊಂದು ಮತ್ತೆ ಆ ಲೀಗ್ ಗೆಲ್ಲಲು 2019ರವರೆಗೆ ಕಾಯಬೇಕಾಯಿತು. ಆಗ ಗೆದ್ದ ಪೀರ್‌ಲೆಸ್ ಕೂಡ ಒಂದು ಕಂಪನಿಯ ತಂಡವೇ. ರಾಜ್ಯಗಳ ನಡುವಣ ಸಂತೋಷ್ ಟ್ರೋಫಿಯನ್ನು ರೈಲ್ವೆ ತಂಡ 1961–62, 1964–65 ಮತ್ತು 1966–67ರಲ್ಲಿ ಮೂರು ಬಾರಿ ಗೆದ್ದಿತು.

ಈ ಹೆಸರುಗಳೆಲ್ಲ ಶಿಖರಗಳು. ಅವುಗಳ ಬುಡದಲ್ಲಿ ಸಾವಿರಾರು ಸಾಧಾರಣ ಆಟಗಾರರಿದ್ದರು. ಅವರನ್ನು ಕಾಣಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ಬೆಂಗಳೂರನ್ನು ಕ್ರಿಕೆಟಿನ ಊರೆಂದು ಬಗೆಯುವುದು ಈಚಿನ ರೂಢಿ. ದಂಡುಪ್ರದೇಶದ ಬೀದಿಗಳು ಮೊದಲು ಒಲಿದದ್ದು ಕಾಲ್ಚೆಂಡಿಗೆ. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಮೈಸೂರು ತಂಡದವರು. ಈಸ್ಟ್ ಬೆಂಗಾಲಿನ ‘ಪಂಚ ಪಾಂಡವ’ರಲ್ಲಿ ಒಬ್ಬರಾದ ಅಹ್ಮದ್ ಖಾನ್ ಬೆಂಗಳೂರಿನವರು. ಮೈಸೂರು ರಾಜ್ಯ ಸಂತೋಷ್ ಟ್ರೋಫಿಯನ್ನು 1946–47, 1952–53, 1967–68 ಮತ್ತು 1968–69ರಲ್ಲಿ ಗೆದ್ದಿತು. ನಾಲ್ಕು ಬಾರಿಯೂ ಫೈನಲ್‌ನಲ್ಲಿ ಸೋತದ್ದು ಬಂಗಾಳ.

ಇದೇ ಅವಧಿಯಲ್ಲಿ ನಗರದ ಸುತ್ತ ಕಾರ್ಖಾನೆಗಳು ಎದ್ದವು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಟೆಲಿಫೋನು, ವಿಮಾನ, ಗಡಿಯಾರಗಳ ಜತೆಗೆ ಈ ಸಂಸ್ಥೆಗಳಲ್ಲಿ ಕ್ರೀಡಾ ತಂಡಗಳೂ ತಯಾರಾದವು. ಐಟಿಐ, ಎಚ್‌ಎಎಲ್, ಸಿಐಎಲ್, ಎಲ್‌ಆರ್‌ಡಿಇ, ಎಂಇಜಿ, ಮಹಾಲೇಖಪಾಲರ ಕಚೇರಿಯ ಎಜಿಒಆರ್‌ಸಿ ಎಂಬ ಸಂಕ್ಷಿಪ್ತ ಹೆಸರುಗಳೇ ಬೆಂಗಳೂರು ಲೀಗಿನ ಪಟ್ಟಿ. ಹೊರಗಿನವರಿಗೆ ಅದು ಸರಕಾರಿ ಟೆಲಿಫೋನ್ ಡೈರೆಕ್ಟರಿಯಂತೆ ಕಾಣಬಹುದು. ಆಸ್ಟಿನ್ ಟೌನ್, ಮರ್ಫಿ ಟೌನ್, ಹಲಸೂರು, ಗೌತಮಪುರದ ಹುಡುಗರಿಗೆ ಅದು ಅನ್ನದ ಪಟ್ಟಿಯಾಗಿತ್ತು. ಪೆಲೆಯ ಪ್ರತಿಮೆಯನ್ನು ನಿಲ್ಲಿಸಿಕೊಂಡಿರುವ ಗೌತಮಪುರದಲ್ಲಿ ತಮಿಳು, ಕನ್ನಡ, ಉರ್ದು ಬೆರೆಸಿ ಮಾತಾಡುವ ಕುಟುಂಬಗಳು ಮಗನ ಬೂಟಿಗೆ ದುಡ್ಡು ಹೊಂದಿಸುತ್ತಿದ್ದುದು ಈ ಪಟ್ಟಿಯನ್ನು ನೆಚ್ಚಿಕೊಂಡೇ.

ಅಂಥ ಹುಡುಗನ ಬದುಕಿಗೆ ಒಂದು ನಿಶ್ಚಿತ ದಾರಿ ಇತ್ತು. ಬಡಾವಣೆಯ ತಂಡದಿಂದ ಜಿಲ್ಲಾ ಲೀಗಿನ ‘ಸಿ’ ಅಥವಾ ‘ಬಿ’ ಡಿವಿಷನ್. ಅಲ್ಲಿ ಯಾವುದಾದರೂ ಕಾರ್ಖಾನೆಯ ತರಬೇತುದಾರನ ಕಣ್ಣಿಗೆ ಬಿದ್ದರೆ ಆಯ್ಕೆಯ ಪಂದ್ಯ. ಅದರಲ್ಲಿ ತೇರ್ಗಡೆಯಾದರೆ ಸಹಾಯಕನಾಗಿಯೋ ಗುಮಾಸ್ತನಾಗಿಯೋ ನೇಮಕ, ಪ್ರೊಬೇಷನ್, ಆಮೇಲೆ ಕಾಯಂ. ಬೆಳಿಗ್ಗೆ ಅಭ್ಯಾಸ, ಅನಂತರ ಕೆಲಸ, ಪಂದ್ಯವಿದ್ದ ದಿನ ಮಧ್ಯಾಹ್ನಕ್ಕೆ ಬಿಡುಗಡೆ. ಮೂವತ್ತರ ಆಚೆ ವೇಗ ಇಳಿದಾಗ ಮೈದಾನದಿಂದ ಮೆಲ್ಲನೆ ಮೇಜಿಗೆ. ಮೊದಲ ದಿನ ಅವನಿಗೆ ಕಡತ ಕಟ್ಟುವುದು ಕೂಡ ಬಾರದಿರಬಹುದು. ಸಹೋದ್ಯೋಗಿಗಳು ಕಲಿಸುತ್ತಾರೆ, ಅಥವಾ ಆಡಿಕೊಳ್ಳುತ್ತಾರೆ, ಎಷ್ಟೋ ವೇಳೆ ಎರಡನ್ನೂ ಮಾಡುತ್ತಾರೆ. ಹೇಗೂ ಮುಂದಿನ ಇಪ್ಪತ್ತೈದು ವರ್ಷ ಕ್ವಾರ್ಟರ್ಸಿನ ಬಾಗಿಲು ತೆರೆದಿರುತ್ತದೆ, ಮಕ್ಕಳು ಕಂಪನಿಯ ಶಾಲೆಗೆ ಹೋಗುತ್ತಾರೆ.

ಕೇಂದ್ರ ಸರಕಾರದ ನಿಯಮಗಳಲ್ಲಿ ಈ ದಾರಿಯ ಗುರುತುಗಳು ಇಂದಿಗೂ ಇವೆ. ನಿರ್ದಿಷ್ಟ ಹುದ್ದೆಗಳ ನೇರ ನೇಮಕಾತಿಯಲ್ಲಿ ಶೇ. 5ರವರೆಗೆ ಪ್ರತಿಭಾವಂತ ಕ್ರೀಡಾಳುಗಳಿಂದ ತುಂಬಬಹುದು. ರಾಷ್ಟ್ರೀಯ, ಅಂತರರಾಷ್ಟ್ರೀಯ ಪಂದ್ಯಾವಳಿಗಳಲ್ಲಿ ಆಡಲು ವರ್ಷಕ್ಕೆ 30 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಕೊಡಬಹುದು. ಒಂದು ಆಟದ ಪ್ರತಿಭೆಯನ್ನು ಸರಕಾರ ರಜೆಯ ದಿನಗಳಲ್ಲಿ ಅಳೆಯುವುದು ನಗೆಗೆ ಕಾರಣವಾಗಬಹುದು. ಆದರೆ ಈ ಅಳತೆಗೋಲು ಇರುವುದರಿಂದಲೇ ಮೇಲಧಿಕಾರಿಯ ಕೃಪೆಯನ್ನು ಬೇಡದೆ ನೌಕರನೊಬ್ಬ ತನ್ನ ರಾಜ್ಯದ ಪರವಾಗಿ ಆಡಲು ರೈಲು ಹತ್ತಬಲ್ಲ.

ಈ ವ್ಯವಸ್ಥೆಯನ್ನು ಹೊಗಳಿ ಮುಗಿಸುವುದು ನ್ಯಾಯವಲ್ಲ. ಇದರ ದೋಷಗಳು ಅದರ ಗುಣಗಳಷ್ಟೇ ಹಳೆಯವು. ನೌಕರಿ ಕಾಯಂ ಆದ ದಿನವೇ ಹಸಿವು ಇಂಗಿದ ಆಟಗಾರರು ಕಡಿಮೆಯೇನಲ್ಲ. ಇಲಾಖೆ ಬಿಟ್ಟರೆ ಪಿಂಚಣಿ ಹೋದೀತೆಂಬ ಭಯದಿಂದ ದೊಡ್ಡ ಕ್ಲಬ್ಬಿನ ಕರೆಯನ್ನು ನಿರಾಕರಿಸಿದವರುಂಟು. ನೇಮಕಾತಿ ನಿಂತ ವರ್ಷಗಳಲ್ಲಿ ತಂಡಗಳು ಮುದಿಯಾದವು. ಮೂವತ್ತೆಂಟು ವಯಸ್ಸಿನವರು ಇಪ್ಪತ್ತರವರನ್ನು ಬೆನ್ನಟ್ಟಬೇಕಾಯಿತು. ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟಿದ ಸಂಸ್ಥೆಗಳು ಬೆರಳೆಣಿಕೆಯಷ್ಟು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ, 1962ರಲ್ಲಿ ಜಕಾರ್ತದ ಚಿನ್ನ, ಇವೆಲ್ಲ ನೌಕರಿ ಮಾಡುತ್ತಿದ್ದವರೇ ಗೆದ್ದು ತಂದವು ಎಂಬುದು ನಿಜ. ಅವರೇ ಇದ್ದೂ ಆಮೇಲಿನ ದಶಕಗಳಲ್ಲಿ ಭಾರತ ಹಿಂದೆಬಿದ್ದದ್ದೂ ಅಷ್ಟೇ ನಿಜ. ಜಪಾನ್, ಕೊರಿಯಾಗಳು ವೃತ್ತಿಪರ ಲೀಗು ಕಟ್ಟಿಕೊಂಡು ಮುಂದೆ ಸಾಗಿದವು.

ಆದ್ದರಿಂದ ಬದಲಾವಣೆ ಬರಲೇಬೇಕಿತ್ತು, ಬಂತು. 1996ರಲ್ಲಿ ರಾಷ್ಟ್ರೀಯ ಲೀಗ್ ಆರಂಭವಾಯಿತು. ಮೊದಲ ಪ್ರಶಸ್ತಿ ಗೆದ್ದದ್ದು ಪಂಜಾಬಿನ ಒಂದು ಗಿರಣಿಯ ತಂಡ, ಜೆಸಿಟಿ. ಬೆಂಗಳೂರಿನ ಐಟಿಐ ಮತ್ತು ಎಚ್‌ಎಎಲ್ ತಂಡಗಳೂ ಬೇರೆ ಬೇರೆ ವರ್ಷಗಳಲ್ಲಿ ಆ ಲೀಗಿನಲ್ಲಿ ಆಡಿದವು. ಐ-ಲೀಗ್ ಎಂದು ಹೆಸರು ಬದಲಾದ ಮೇಲೆ ಎಚ್‌ಎಎಲ್ 2010ರಲ್ಲಿ ಮತ್ತೆ ಬಡ್ತಿ ಪಡೆದು ಎರಡು ಋತು ಆಡಿ, 2012ರಲ್ಲಿ ಕೆಳಗಿಳಿಯಿತು. ಅಷ್ಟರಲ್ಲಿ ಖಾಸಗಿ ಕಂಪನಿಗಳೂ ಕೈಚೆಲ್ಲತೊಡಗಿದ್ದವು. ಮಹೀಂದ್ರಾ ತನ್ನ ತಂಡವನ್ನು 2010ರಲ್ಲಿ, ಜೆಸಿಟಿ 2011ರಲ್ಲಿ ಮುಚ್ಚಿದವು. ಏಷ್ಯಾ ಫುಟ್‌ಬಾಲ್ ಒಕ್ಕೂಟದ ಪರವಾನಗಿ ನಿಯಮಗಳ ಪ್ರಕಾರ ಕ್ಲಬ್ಬು ಸ್ವತಂತ್ರ ಸಂಸ್ಥೆಯಾಗಿರಬೇಕು, ಕಿರಿಯರ ತಂಡಗಳಿರಬೇಕು, ಲೆಕ್ಕಪತ್ರ ಪ್ರತ್ಯೇಕವಿರಬೇಕು. ಇಲಾಖೆಯ ಒಂದು ಶಾಖೆಯಂತಿದ್ದ ತಂಡಗಳಿಗೆ ಇದು ನಿಲುಕಲಿಲ್ಲ. 2013ರಲ್ಲಿ ಏರ್ ಇಂಡಿಯಾ ಮತ್ತು ಒಎನ್‌ಜಿಸಿ ತಂಡಗಳು ಲೀಗಿನಿಂದ ಹೊರಬಿದ್ದವು. ಅದೇ ವರ್ಷ ಜೆಎಸ್‌ಡಬ್ಲ್ಯು ಒಡೆತನದ ಬೆಂಗಳೂರು ಎಫ್‌ಸಿ ಒಳಗೆ ಬಂತು.

ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಚಾಂಪಿಯನ್ ಆಯಿತು. ತಂಡಕ್ಕೆ ಒಳ್ಳೆಯ ಮೈದಾನ, ವೈದ್ಯರು, ಆಹಾರ, ಹೊತ್ತಿಗೆ ಸರಿಯಾಗಿ ಸಂಬಳ, ಎಲ್ಲವೂ ಇದ್ದವು. ಕಚೇರಿ ಮುಗಿಸಿ ಓಡಿಬಂದು ಬೂಟು ಕಟ್ಟುತ್ತಿದ್ದ ಊರಿಗೆ ಇದು ಹೊಸ ಜಗತ್ತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ತಂಡವೂ ಅದೇ. ದೋಹಾದಲ್ಲಿ ಅದನ್ನು 1–0ರಿಂದ ಸೋಲಿಸಿದ ಇರಾಕಿನ ತಂಡದ ಹೆಸರು ಅಲ್-ಕುವ್ವಾ ಅಲ್-ಜವಿಯಾ. ಅರಬ್ಬಿಯಲ್ಲಿ ಹಾಗೆಂದರೆ ವಾಯುಪಡೆ. ನಾವು ಹಳೆಯದೆಂದು ಬಿಟ್ಟುಬಂದ ಇಲಾಖೆಯ ತಂಡ ಬೇರೆ ದೇಶದಲ್ಲಿ ವೃತ್ತಿಪರವಾಗಿ ಬೆಳೆದು ಎದುರಿಗೆ ನಿಂತಿತ್ತು. ಇಲಾಖೆಯೋ ಕ್ಲಬ್ಬೋ ಎಂಬ ಆಯ್ಕೆ ನಾವು ತಿಳಿದಷ್ಟು ಅನಿವಾರ್ಯವಾಗಿರಲಿಲ್ಲ ಎಂಬುದಕ್ಕೆ ಆ ರಾತ್ರಿಯೇ ಸಾಕ್ಷಿ.

ಹೊರಗಿನ ಪ್ರಪಂಚದಲ್ಲೂ ಆಟ ಮತ್ತು ಕಸುಬುಗಳ ನಂಟು ಪೂರ್ತಿ ಕಡಿದಿಲ್ಲ. ಇಂಗ್ಲೆಂಡ್ ಪರ 76 ಪಂದ್ಯ ಆಡಿದ ಟಾಮ್ ಫಿನ್ನಿ ನಲ್ಲಿ ಕೆಲಸ ಕಲಿತವರು; ಆಟದ ಜತೆಗೆ ಆ ಕಸುಬನ್ನೂ ನಡೆಸಿದರು. ಅಲ್ಲಿ ಆಟಗಾರರ ಗರಿಷ್ಠ ಸಂಬಳದ ಮಿತಿ 1961ರಲ್ಲಿ ರದ್ದಾಗುವ ಹೊತ್ತಿಗೂ ವಾರಕ್ಕೆ 20 ಪೌಂಡ್ ಮಾತ್ರ. 2018ರ ವಿಶ್ವಕಪ್‌ನಲ್ಲಿ ಮೆಸ್ಸಿಯ ಪೆನಾಲ್ಟಿಯನ್ನು ತಡೆದ ಐಸ್‌ಲ್ಯಾಂಡಿನ ಗೋಲ್‌ಕೀಪರ್ ಹಾನೆಸ್ ಹಾಲ್ದೋರ್ಸನ್ ಚಿತ್ರನಿರ್ದೇಶಕ. ಆ ತಂಡದ ತರಬೇತುದಾರ ದಂತವೈದ್ಯ. ಯುರೋಪಿನ ಕೆಳಗಿನ ಲೀಗುಗಳಲ್ಲಿ ಇಂದಿಗೂ ಬಡಗಿ, ಮೇಷ್ಟ್ರು, ಅಂಚೆಯವರು ಶನಿವಾರ ಆಡುತ್ತಾರೆ. ಆದರೆ ಅಲ್ಲಿ ಎರಡನೆಯ ಕೆಲಸ ಆಟಗಾರ ತಾನೇ ಹುಡುಕಿಕೊಳ್ಳುವಂಥದು. ನಮ್ಮಲ್ಲಿ ಅದನ್ನು ಆಟವೇ ದೊರಕಿಸಿಕೊಡುತ್ತಿತ್ತು. ಹತ್ತನೆಯ ತರಗತಿ ದಾಟದ ಹುಡುಗನಿಗೆ ಕಾಲ್ಚೆಂಡೇ ವಿದ್ಯಾರ್ಹತೆ ಆಗುತ್ತಿತ್ತು. ಈ ವ್ಯತ್ಯಾಸವನ್ನು ಮರೆತು ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಹೊಸ ವ್ಯವಸ್ಥೆ ಮೇಲಿನ ಕೆಲವು ನೂರು ಆಟಗಾರರಿಗೆ ಹಿಂದೆ ಯಾರೂ ಕಾಣದ ಹಣ ಕೊಟ್ಟಿತು. ಅದಕ್ಕೆ ಸಂತೋಷಪಡಬೇಕು. ಆದರೆ ಅವರ ಕೆಳಗೆ ಇರುವವರ ಕೈಯಲ್ಲಿ ಒಂದೆರಡು ವರ್ಷಗಳ ಕರಾರು ಮಾತ್ರ. ಮೊಣಕಾಲು ತಿರುಚಿದರೆ ಕರಾರು ಮುಗಿಯಿತು; ಮುಂದೆ ಮೇಜಿಲ್ಲ, ಕ್ವಾರ್ಟರ್ಸಿಲ್ಲ. ಮೇಲಿನವರಿಗೂ ಖಾತರಿ ಇಲ್ಲವೆಂಬುದು 2025ರಲ್ಲಿ ಗೊತ್ತಾಯಿತು. ಐಎಸ್‌ಎಲ್ ಅನಿಶ್ಚಿತವಾದಾಗ, ಆಗಸ್ಟ್‌ನಲ್ಲಿ, ಬೆಂಗಳೂರು ಎಫ್‌ಸಿಯೇ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಹಾಜರಿ ಪುಸ್ತಕದಲ್ಲಿ ರುಜು ಹಾಕಿ ಮೈದಾನಕ್ಕೆ ಹೋಗುತ್ತಿದ್ದ ಐಟಿಐ ಕಾಲದ ಆಟಗಾರನಿಗೆ ಲೀಗು ನಿಂತರೆ ಸಂಬಳ ನಿಲ್ಲುವುದೆಂಬ ಚಿಂತೆಯೇ ಇರಲಿಲ್ಲ.

ಇಷ್ಟಾದರೂ ಹಳೆಯ ದಾರಿ ಪೂರ್ತಿ ಮುಚ್ಚಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ, 54 ವರ್ಷಗಳ ಬಳಿಕ ಸಂತೋಷ್ ಟ್ರೋಫಿ ಗೆದ್ದಿತು. ಸೆಮಿಫೈನಲ್‌ನಲ್ಲಿ ಅದು ಮಣಿಸಿದ್ದು ಸೈನ್ಯದ ಸರ್ವಿಸಸ್ ತಂಡವನ್ನು. ಮರುವರ್ಷವೇ ಸರ್ವಿಸಸ್ ಅರುಣಾಚಲ ಪ್ರದೇಶದಲ್ಲಿ ಗೋವಾವನ್ನು ಮಣಿಸಿ ತನ್ನ 7ನೆಯ ಪ್ರಶಸ್ತಿ ಗೆದ್ದಿತು. ಟಿವಿಯ ಗಮನವೆಲ್ಲ ಐಎಸ್‌ಎಲ್ ಮೇಲಿರುವ ಈ ದಿನಗಳಲ್ಲಿ ಸಂತೋಷ್ ಟ್ರೋಫಿ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಉತ್ತರ ಕ್ರೀಡಾ ಕೋಟಾದ ನಿಯಮಗಳಲ್ಲಿದೆ. ಆ ನೇಮಕಾತಿಗೆ ಬೇಕಾದ ಪ್ರಮಾಣಪತ್ರಗಳಲ್ಲಿ ದೇಶವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 1, ರಾಷ್ಟ್ರೀಯ ಸ್ಪರ್ಧೆಯಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 2.

ಫಾರ್ಮ್ 1 ಕೆಲವೇ ಅದೃಷ್ಟವಂತರಿಗೆ. ಗೌತಮಪುರದ ಹುಡುಗನೂ ಡಿಎಲ್‌ಡಬ್ಲ್ಯು ಕಾಲೊನಿಯ ಹುಡುಗನೂ ಕಣ್ಣಿಟ್ಟಿರುವುದು ಫಾರ್ಮ್ 2ರ ಮೇಲೆ. ಅದೊಂದು ಪುಟದ ಕಾಗದ. ಆಟಗಾರನ ಹೆಸರು, ತಂದೆಯ ಹೆಸರು, ಆಟ, ಪಂದ್ಯಾವಳಿ, ತಂಡ ಪಡೆದ ಸ್ಥಾನ, ರಾಜ್ಯ ಸಂಸ್ಥೆಯ ಕಾರ್ಯದರ್ಶಿಯ ಸಹಿ. ಅದರಲ್ಲಿ ಎಷ್ಟು ಗೋಲು ಹೊಡೆದನೆಂಬುದಕ್ಕೆ ಜಾಗವಿಲ್ಲ. ಆದರೆ ಅದನ್ನು ಹಿಡಿದು ಬಂದವನಿಗೆ ಈ ದೇಶದ ಯಾವುದಾದರೊಂದು ಕಚೇರಿಯಲ್ಲಿ, ಮೊಣಕಾಲು ಸೋತ ಮೇಲೂ ಕುಳಿತುಕೊಳ್ಳಲು ಒಂದು ಕುರ್ಚಿ ಸಿಗುವ ಸಾಧ್ಯತೆ ಇನ್ನೂ ಉಳಿದಿದೆ.